27 ಅಡಿಯಿಂದ 34 ಅಡಿಗೆ: ಮನೆಮಂದಿಗೆಲ್ಲ ಆಗುವ ಬೋಟ್ ಆರಿಸುವಾಗ ಏನು ನೋಡಬೇಕು

ಹೊಸ ಬೋಟ್ ಬಂದು ಆರು ವಾರ ಆಯಿತು. ಹಳೆಯದು ಟ್ರೇಲರ್ ಮೇಲೆ ಮನೆ ಅಂಗಳದಲ್ಲೇ ನಿಲ್ಲುತ್ತಿತ್ತು. ಇದು ಮನೆಗೆ ಬರುವುದಿಲ್ಲ, ವರ್ಷಪೂರ್ತಿ ಮರೀನಾದಲ್ಲಿ, ಅಂದರೆ ಬಾಡಿಗೆಗೆ ಬೋಟ್ ಕಟ್ಟಿ ನಿಲ್ಲಿಸುವ ಬಂದರಿನಲ್ಲಿ, ನೀರಲ್ಲೇ ಇರಬೇಕು. ಎರಡಕ್ಕೂ ಇರುವ ಮೊದಲ ವ್ಯತ್ಯಾಸ ಇದೇ, ಮತ್ತು ಉಳಿದ ಎಲ್ಲ ವ್ಯತ್ಯಾಸಗಳೂ ಹೆಚ್ಚುಕಮ್ಮಿ ಇದರಿಂದಲೇ ಹುಟ್ಟುತ್ತವೆ.

ನಾವಿರುವುದು ಸಿಯಾಟಲ್ ಪಕ್ಕ. ನಾನು, ಹೆಂಡತಿ, ಹದಿಮೂರರ ಮಗಳು, ಒಂಬತ್ತರ ಮಗ. ಬೇಸಿಗೆ ಬಂದರೆ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಪ್ಪ ಅಮ್ಮ ಬರುತ್ತಾರೆ, ಆಗ ಆರು ಜನ. ನಾಲ್ಕು ಬೇಸಿಗೆ 27 ಅಡಿಯ ಬೋಟಿನಲ್ಲಿ ಓಡಾಡಿದೆವು, ಹಿಂದೆ 300 ಕುದುರೆ ಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್, ಅಂದರೆ ಬೋಟಿನ ಹೊರಗೆ ಕೂರಿಸುವ ಮೋಟಾರು, ಇತ್ತು. ಬಹಳ ಒಳ್ಳೆಯ ಬೋಟ್. ಈಗಿರುವುದು 34 ಅಡಿ, ಒಂದೇ ಡೀಸೆಲ್ ಇಂಜಿನ್. ಇಲ್ಲಿನ ಎರಡು ಕನ್ನಡದ ಮನೆಯವರು ಇದೇ ಯೋಚನೆಯಲ್ಲಿದ್ದಾರೆ, ಫೋನಿನಲ್ಲಿ ತುಂಡುತುಂಡಾಗಿ ಹೇಳಿ ಸಾಕಾಯಿತು. ಅದಕ್ಕೆ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ನಮ್ಮ ಮುಂದೆ ಇದ್ದ ದಾರಿ ಮೂರು. ಹಳೆಯ 27 ಅಡಿಯದನ್ನೇ ಇಟ್ಟುಕೊಂಡು ಹೀಟರ್, ಒಳ್ಳೆಯ ಬ್ಯಾಟರಿ ಹಾಕಿಸುವುದು. ಅಥವಾ 34 ಅಡಿಯ ಒಂಟಿ ಡೀಸೆಲ್. ಅಥವಾ ಅಷ್ಟೇ ದುಡ್ಡಿಗೆ ಸ್ವಲ್ಪ ಹಳೆಯದಾದ, ಎರಡು ಪೆಟ್ರೋಲ್ ಇಂಜಿನ್ ಇರುವ 36 ಅಡಿಯ ಫ್ಲೈಬ್ರಿಡ್ಜ್ ಬೋಟ್, ಅಂದರೆ ಮೇಲೆ ಇನ್ನೊಂದು ಅಂತಸ್ತು, ಅಲ್ಲೂ ಒಂದು ಸ್ಟೀರಿಂಗ್ ಇರುವಂಥದ್ದು.

ಜನ ಬೋಟನ್ನು ಉದ್ದದಿಂದ ಅಳೆಯುತ್ತಾರೆ. ನೀವು ಮೊದಲು ಅಗಲ ನೋಡಿ. ಅಮೆರಿಕದಲ್ಲಿ ವಿಶೇಷ ಪರ್ಮಿಟ್ ಇಲ್ಲದೆ ರಸ್ತೆ ಮೇಲೆ ಎಳೆದುಕೊಂಡು ಹೋಗಬಹುದಾದ ಅಗಲ 8 ಅಡಿ 6 ಇಂಚು. ಇಲ್ಲೇ ವಾಷಿಂಗ್ಟನ್ ರಾಜ್ಯದಲ್ಲಿ ತಯಾರಾಗುವ ರೇಂಜರ್ ಟಗ್ಸ್ ಕಂಪನಿಯ ಆರ್-27 ಮಾದರಿ ಸರಿಯಾಗಿ ಅಷ್ಟೇ ಅಗಲ ಇದೆ. ಅದೇ ಕಂಪನಿಯ ಆರ್-29 ಹತ್ತು ಅಡಿ ಅಗಲ. ಹೆಸರಿನಲ್ಲಿ ಎರಡೇ ಅಂಕಿಯ ವ್ಯತ್ಯಾಸ, ಆದರೆ ಒಂದನ್ನು ಶುಕ್ರವಾರ ಸಂಜೆ ಸುಮ್ನೆ ಎಳೆದುಕೊಂಡು ಹೊರಡಬಹುದು, ಇನ್ನೊಂದಕ್ಕೆ ಪರ್ಮಿಟ್ ಬೇಕು. ನಾವು ಅನಕೋರ್ಟಿಸ್ ತನಕ ಒಂದೂವರೆ ಗಂಟೆ ಗಾಡಿ ಓಡಿಸಿ, ಬೋಟನ್ನು ನೀರಿಗಿಳಿಸಿ, ಕತ್ತಲಾಗುವುದರೊಳಗೆ ಸಾನ್ ವಾನ್ ದ್ವೀಪಗಳಲ್ಲಿ ಲಂಗರು ಹಾಕಿದ ದಿನಗಳಿವೆ. ಈಗ ಅದಾಗುವುದಿಲ್ಲ. ಸಿಯಾಟಲ್‌ನಿಂದ ನೀರಿನ ದಾರಿಯಲ್ಲೇ ಹೋಗಬೇಕು, ಆ ದ್ವೀಪಗಳ ಪೇಟೆ ಫ್ರೈಡೇ ಹಾರ್ಬರ್‌ಗೆ 60ಕ್ಕೂ ಹೆಚ್ಚು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್). ಎರಡು ದಿನದ ವಾರಾಂತ್ಯಕ್ಕೆ ಅದು ದೂರ. ನಿಮಗೆ ಸಿಗುವುದು ಬರೀ ಶನಿವಾರ ಭಾನುವಾರ ಅಂದರೆ, ದೊಡ್ಡ ಬೋಟ್ ತಗೊಂಡು ನೀವು ಹೋಗುವ ಜಾಗಗಳು ಕಮ್ಮಿಯಾಗುತ್ತವೆ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ.

ಇನ್ನು ತೂಕ. 27ರಿಂದ 34 ಅಂದರೆ ಉದ್ದ ಕಾಲು ಭಾಗ ಹೆಚ್ಚಾಯಿತು ಅಷ್ಟೇ. ಆದರೆ ಬೋಟ್ ಉದ್ದದ ಜೊತೆ ಅಗಲದಲ್ಲೂ ಎತ್ತರದಲ್ಲೂ ಬೆಳೆಯುತ್ತದೆ. 34ನ್ನು 27ರಿಂದ ಭಾಗಿಸಿ, ಬಂದದ್ದನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ, ಹತ್ತಿರ ಹತ್ತಿರ ಎರಡು ಬರುತ್ತದೆ. ನಮ್ಮ ಲೆಕ್ಕವೂ ಹಾಗೇ ಆಯಿತು. ಹಳೆಯದು ನೀರು, ಇಂಧನ, ಸಾಮಾನು ಸೇರಿ ನಾಲ್ಕು ಟನ್ ಚಿಲ್ಲರೆ, ಇದು ಎಂಟೂವರೆ.

ಆ ತೂಕ ಏನು ಅಂತ ಗೊತ್ತಾಗಿದ್ದು ಫ್ರೈಡೇ ಹಾರ್ಬರ್‌ನಲ್ಲಿ, ಎರಡನೇ ವಾರ. ಪಕ್ಕದಿಂದ ಗಾಳಿ ಬೀಸುತ್ತಿತ್ತು, ಹದಿನೈದು ನಾಟ್ ಇರಬಹುದು (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಹಳೆಯ ಬೋಟಿನಲ್ಲಿ ನನ್ನ ಹೆಂಡತಿ ಡಾಕಿಗೆ, ಅಂದರೆ ಬೋಟ್ ಕಟ್ಟುವ ಕಟ್ಟೆಗೆ, ಇಳಿದು, ಕಂಬಿ ಹಿಡಿದು, ಕಾಲು ಊರಿ ಎಳೆದರೆ ಬೋಟ್ ಬರುತ್ತಿತ್ತು. ಅವತ್ತೂ ಅದನ್ನೇ ಮಾಡಿದಳು. ಬೋಟ್ ಬರಲಿಲ್ಲ, ನಿಧಾನವಾಗಿ ಅವಳನ್ನೇ ನೀರಿನ ಕಡೆ ಎಳೆಯಿತು. ಅವಳು ತಕ್ಷಣ ಬಿಟ್ಟಳು, ಪುಣ್ಯ. ಎಂಟೂವರೆ ಟನ್ನಿನ ಮುಂದೆ ಮನುಷ್ಯರ ತೋಳಿಗೆ ಯಾವ ಲೆಕ್ಕವೂ ಇಲ್ಲ. ಅವತ್ತು ರಾತ್ರಿಯೇ ನಾವು ನಾಲ್ವರೂ ಕೂತು ನಿಯಮ ಮಾಡಿಕೊಂಡೆವು: ಯಾರೂ ಡಾಕಿಗೆ ಹಾರುವಂತಿಲ್ಲ, ಬೋಟಿಗೂ ಡಾಕಿಗೂ ಮಧ್ಯೆ ಕೈಯನ್ನಾಗಲಿ ಕಾಲನ್ನಾಗಲಿ ಕೊಡುವಂತಿಲ್ಲ. ತಾಗಿದರೆ ತಾಗಲಿ, ಬಣ್ಣ ಹೋಗಲಿ.

ಈಗ ಮಾಡುವುದು ಹೀಗೆ. ಬೋಟಿನ ನಡುಭಾಗದಲ್ಲಿರುವ ಕೊಂಡಿಯಿಂದ ಒಂದು ಹಗ್ಗ, ಅದನ್ನು ಡಾಕಿನ ಮೇಲೆ ಸ್ವಲ್ಪ ಹಿಂದಿರುವ ಗೂಟಕ್ಕೆ ಮೊದಲು ಸುತ್ತುತ್ತೇವೆ. ಆಮೇಲೆ ಇಂಜಿನನ್ನು ಐಡಲ್‌ನಲ್ಲೇ ಮುಂದಕ್ಕೆ ಹಾಕಿ, ಸ್ಟೀರಿಂಗನ್ನು ಡಾಕಿನಿಂದ ಆಚೆಗೆ ತಿರುಗಿಸಿದರೆ, ಬೋಟ್ ತಾನಾಗಿ ಬಂದು ಡಾಕಿಗೆ ಒರಗಿ ನಿಲ್ಲುತ್ತದೆ, ಅಲ್ಲೇ ಅಂಟಿಕೊಂಡಿರುತ್ತದೆ, ಉಳಿದ ಹಗ್ಗಗಳನ್ನು ಸಾವಕಾಶವಾಗಿ ಕಟ್ಟಬಹುದು. ಈಗ ಹಗ್ಗ ಹಾಕುವ ಕೆಲಸ ಮಗಳದ್ದೇ.

ಇಂಜಿನ್ ಎಷ್ಟಿರಬೇಕು ಅನ್ನುವ ಪ್ರಶ್ನೆ ಬರುವುದೂ ಇಲ್ಲೇ. ಔಟ್‌ಬೋರ್ಡಿನಲ್ಲಿ ಮೋಟಾರೇ ತಿರುಗುವುದರಿಂದ ರಿವರ್ಸಿನಲ್ಲೂ ಸ್ಟೀರಿಂಗ್ ಕೇಳುತ್ತದೆ. ಒಂಟಿ ಡೀಸೆಲ್, ಶಾಫ್ಟ್, ಚುಕ್ಕಾಣಿ ಇರುವ ಬೋಟ್ ರಿವರ್ಸಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ನಮ್ಮದು ಬಲಕ್ಕೆ ತಿರುಗುವ ಪ್ರೊಪೆಲರ್, ರಿವರ್ಸ್ ಹಾಕಿದರೆ ಹಿಂಬದಿ ಎಡಕ್ಕೆ ಜಾರುತ್ತದೆ. ಮೊದಲ ವಾರ ಅದು ಕಾಟ ಅನ್ನಿಸಿತು. ಈಗ ಎಡಬದಿಯನ್ನೇ ಡಾಕಿಗೆ ಕೊಟ್ಟು ನಿಲ್ಲಿಸುತ್ತೇನೆ, ಕೊನೆಯಲ್ಲಿ ಒಂದು ರಿವರ್ಸ್ ಕೊಟ್ಟರೆ ಹಿಂಬದಿ ತಾನೇ ಒಳಗೆ ಬರುತ್ತದೆ. ಎರಡು ಇಂಜಿನ್ ಇದ್ದರೆ ಈ ತಲೆನೋವಿಲ್ಲ, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ಹಾಕಿ ನಿಂತಲ್ಲೇ ತಿರುಗಬಹುದು. ಹೊಸಬರಿಗೆ ಅದು ನಿಜವಾಗಿಯೂ ಸುಲಭ. ಆದರೆ ಆಯಿಲ್, ಫಿಲ್ಟರ್, ನೀರಿನ ಪಂಪಿನ ಇಂಪೆಲರ್ ಎಲ್ಲ ಎರಡೆರಡು. ಇಂಜಿನ್ ಕೋಣೆಯಲ್ಲಿ ಕೈ ಹಾಕಲು ಜಾಗವೂ ಅಷ್ಟೇ ಕಮ್ಮಿ. ಬೋಟನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಮುಂದೆ ಒಂದು, ಹಿಂದೆ ಒಂದು ಇದ್ದರೆ ಒಂಟಿ ಇಂಜಿನ್ ನಮ್ಮಂಥ ಮನೆಯವರಿಗೆ ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಮಾತು, ಥ್ರಸ್ಟರ್ ಬ್ಯಾಟರಿ ಮೇಲೆ ಓಡುವ ಮೋಟಾರು, ಒತ್ತಿ ಹಿಡಿದರೆ ಬಿಸಿಯಾಗಿ ನಿಂತುಬಿಡುತ್ತದೆ. ಒಂದೆರಡು ಸೆಕೆಂಡಿನಂತೆ ಬಿಟ್ಟು ಬಿಟ್ಟು ಒತ್ತಬೇಕು.

ಪೆಟ್ರೋಲೋ ಡೀಸೆಲ್ಲೋ? 36 ಅಡಿಯದನ್ನು ನಾವು ಬಿಟ್ಟಿದ್ದು ಮುಖ್ಯವಾಗಿ ಇದಕ್ಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಒಳಗೆ ಪೆಟ್ರೋಲ್ ಇಂಜಿನ್ ಇರುವ ಬೋಟಿನಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಆ ಆವಿಯನ್ನು ಹೊರಗೆ ಹಾಕುವ ಫ್ಯಾನನ್ನು, ಅಂದರೆ ಬ್ಲೋವರನ್ನು, ನಾಲ್ಕು ನಿಮಿಷ ಓಡಿಸಬೇಕು. ಔಟ್‌ಬೋರ್ಡಿನಲ್ಲಿ ಇಂಜಿನ್ ಹೊರಗಿರುವುದರಿಂದ ಆ ಭಯ ಅಷ್ಟಿಲ್ಲ. ಇನ್ನೊಂದು ಕಾರ್ಬನ್ ಮಾನಾಕ್ಸೈಡ್, ಇಂಜಿನ್ ಹೊಗೆಯಲ್ಲಿರುವ ವಿಷಾನಿಲ. ಮೂತಿ ಎತ್ತಿಕೊಂಡು ಓಡುವ ಬೋಟಿನ ಹಿಂದೆ ಹೊಗೆ ಸುತ್ತಿಕೊಂಡು ಮತ್ತೆ ಒಳಗೇ ಬರುತ್ತದೆ, ಮಕ್ಕಳು ಹಿಂದೆ ಕೂತಿರುತ್ತಾರೆ. ಡೀಸೆಲ್ಲಿನಲ್ಲಿ ಅದು ಬಹಳ ಕಮ್ಮಿ, ಆದರೂ ಮಲಗುವ ಕಡೆಯೆಲ್ಲ ಅಲಾರ್ಮ್ ಹಾಕಿದ್ದೇವೆ. ಯಾವ ಬೋಟ್ ತಗೊಂಡರೂ ಹಾಕಿ.

ಡೀಸೆಲ್ಲಿಗೆ ಅದರದೇ ಆದ ಶಬ್ದ ಇದೆ. ನಮ್ಮದರಲ್ಲಿ ಇಂಜಿನ್ ಇರುವುದು ಸರಿಯಾಗಿ ಕೂರುವ ಕೋಣೆಯ ಕೆಳಗೆ. ಹಳೇ ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಂಜಿನ್ ಬಾನೆಟ್ ಮೇಲೆ ಕೂತು ಹೋದ ಹಾಗಿದೆ ಅಂದರು ಅಪ್ಪ. ಜೋರಾಗಿ ಓಡಿಸಿದರೆ ಮಾತು ಕೇಳುವುದಿಲ್ಲ. ನಿಧಾನಕ್ಕೆ ಹೋದರೆ ಕಾಲಡಿಯಲ್ಲಿ ಸಣ್ಣ ಗುನುಗು ಅಷ್ಟೇ, ಮಗ ಅದರ ಮೇಲೇ ನಿದ್ದೆ ಹೋಗುತ್ತಾನೆ.

ನಿಧಾನ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಒಂದು ಸಹಜ ವೇಗ ಇರುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಷ್ಟು ನಾಟ್. ನಮ್ಮದು 31 ಅಡಿ, ಲೆಕ್ಕ 7.5 ನಾಟ್‌ಗೆ ಬರುತ್ತದೆ, ಗಂಟೆಗೆ 14 ಕಿಲೋಮೀಟರ್ ಹತ್ತಿರ. ಆ ವೇಗದಲ್ಲಿ ನಮ್ಮ ಮೀಟರ್ ಗಂಟೆಗೆ 3 ಗ್ಯಾಲನ್ ತೋರಿಸುತ್ತದೆ. 15 ನಾಟ್‌ಗೆ ಏರಿಸಿದರೆ 16 ಗ್ಯಾಲನ್. ವೇಗ ಎರಡರಷ್ಟು, ಗಂಟೆಯ ಖರ್ಚು ಐದರಷ್ಟು! 60 ನಾಟಿಕಲ್ ಮೈಲಿಗೆ ಹಾಕಿ ನೋಡಿ: ನಿಧಾನಕ್ಕೆ ಹೋದರೆ ಎಂಟು ಗಂಟೆ, 24 ಗ್ಯಾಲನ್. ಜೋರಾಗಿ ಹೋದರೆ ನಾಲ್ಕು ಗಂಟೆ, 64 ಗ್ಯಾಲನ್. ಹಳೆಯ ಬೋಟ್ 25 ನಾಟ್‌ನಲ್ಲಿ ಇಷ್ಟೇ ದೂರವನ್ನು ಎರಡೂವರೆ ಗಂಟೆಯೊಳಗೆ ಮುಗಿಸುತ್ತಿತ್ತು, 43 ಗ್ಯಾಲನ್ ಪೆಟ್ರೋಲ್ ಕುಡಿಯುತ್ತಿತ್ತು. ಹಾಗಾಗಿ "ದೊಡ್ಡ ಬೋಟ್ ಜಾಸ್ತಿ ಕುಡಿಯುತ್ತೆ" ಅನ್ನುವ ಮಾತು ಪೂರ್ತಿ ನಿಜ ಅಲ್ಲ, ಅವಸರ ಮಾಡಿದರೆ ಕುಡಿಯುತ್ತದೆ.

ಎಂಟು ಗಂಟೆ ಮಕ್ಕಳು ಕೂರುತ್ತಾರಾ ಅಂತ ಕೇಳಬಹುದು. ಹಳೆಯ ಬೋಟಿನಲ್ಲಿ ಎರಡು ಗಂಟೆಯೂ ಕಷ್ಟ ಇತ್ತು, ಅಲೆ ಅಲೆಗೂ ದಡದಡ ಹೊಡೆತ, ಎಲ್ಲರೂ ಏನಾದರೂ ಹಿಡಿದುಕೊಂಡೇ ಇರಬೇಕು. ಈಗ ಓಡುತ್ತಿರುವಾಗಲೇ ಊಟ ಆಗುತ್ತದೆ, ಹೋಂವರ್ಕ್ ಆಗುತ್ತದೆ. ದ್ವೀಪಗಳ ದಾರಿಯಲ್ಲಿ ಸಿಗುವ ಹುವಾನ್ ಡಿ ಫುಕಾ ಜಲಸಂಧಿ ಮಾತ್ರ ಬೇರೆ ಮಾತು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುತ್ತದೆ, 34 ಅಡಿಯೂ ಚೆನ್ನಾಗಿ ಹೊರಳಾಡುತ್ತದೆ. ಮಧ್ಯಾಹ್ನದ ಒಳಗೆ ಅದನ್ನು ದಾಟುವ ಲೆಕ್ಕ ಹಾಕಿಯೇ ಹೊರಡಬೇಕು. ಬೋಟ್ ದೊಡ್ಡದಾಯಿತು ಅಂತ ಆ ನಿಯಮ ಬದಲಾಗಿಲ್ಲ.

ಈಗ ಅಮ್ಮನ ವಿಷಯ. ನಿಜ ಹೇಳಬೇಕೆಂದರೆ ಬೋಟ್ ಬದಲಾಯಿಸಲು ಕಾರಣ ಅಮ್ಮನ ಮಂಡಿ. ಸಿಗಂದೂರಿಗೆ ಹೋಗುವಾಗ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿದವರು ಅವರು, ನೀರಿನ ಭಯ ಎಳ್ಳಷ್ಟೂ ಇಲ್ಲ. (ಅಲ್ಲೀಗ ಸೇತುವೆ ಆಗಿದೆ.) ಲಾಂಚಿನಲ್ಲಿ ಬಸ್ಸೇ ಹತ್ತುತ್ತಿತ್ತು, ಜನರಿಗೇನು ಕಷ್ಟ? ಆದರೆ ನಮ್ಮ 27 ಅಡಿಯದರಲ್ಲಿ ಡಾಕಿನಿಂದ ಬೋಟಿನ ಅಂಚು ದಾಟಿ ಒಳಗೆ ಕಾಲಿಡಬೇಕಿತ್ತು, ಮಲಗಲು ಮೂತಿಯ ಒಳಗೆ ತೆವಳಬೇಕಿತ್ತು. ಕಳೆದ ವರ್ಷ ಅಮ್ಮ ಡಾಕಿನ ಮೇಲೆ ನಿಂತು, ಸೀರೆಯ ನೆರಿಗೆ ಒಂದು ಕೈಲಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು, "ನೀವು ಹೋಗಿ ಬನ್ನಿ ಮಗಾ, ನಾನು ಇಲ್ಲೇ ಕೂತಿರ್ತೀನಿ" ಅಂದರು. ಆ ಮಾತು ನನಗೆ ಆ ಚಳಿಗಾಲವಿಡೀ ಬಿಡಲಿಲ್ಲ.

ಆದ್ದರಿಂದ ಬೋಟ್ ನೋಡಲು ಹೋದಾಗಲೆಲ್ಲ ಜೇಬಿನಲ್ಲಿ ಟೇಪ್ ಇರುತ್ತಿತ್ತು. ಡಾಕಿನಿಂದ ಮೊದಲ ಮೆಟ್ಟಿಲು ಎಷ್ಟು ಎತ್ತರ? ಹಿಡಿಯಲು ಕಂಬಿ ಎಲ್ಲಿದೆ? ಟಾಯ್ಲೆಟ್‌ಗೆ ಎಷ್ಟು ಮೆಟ್ಟಿಲು ಇಳಿಯಬೇಕು? ಮಂಚದ ಎರಡೂ ಬದಿಗೆ ನಡೆಯಲು ಜಾಗ ಇದೆಯಾ? 36 ಅಡಿಯದರಲ್ಲಿ ಫ್ಲೈಬ್ರಿಡ್ಜ್ ಎಷ್ಟು ಚೆನ್ನಾಗಿತ್ತೆಂದರೆ ಮಕ್ಕಳು ಇಳಿಯಲೇ ಒಲ್ಲೆ ಅಂದರು. ಆದರೆ ಅಲ್ಲಿಗೆ ಹೋಗಲು ನೆಟ್ಟಗಿನ ಏಣಿ. ನಾವೆಲ್ಲ ಮೇಲೆ, ಅಮ್ಮ ಒಬ್ಬರೇ ಕೆಳಗೆ, ಅದೇನು ಚೆಂದ? ಮೇಲಂತಸ್ತು ಗಾಳಿಯನ್ನೂ ಜಾಸ್ತಿ ಹಿಡಿಯುತ್ತದೆ, ಡಾಕಿಗೆ ತರುವಾಗ ಅದೊಂದು ಹಾಯಿಪಟ ಇದ್ದ ಹಾಗೆ. ಹದಿಹರೆಯದ ಮಕ್ಕಳು ಮಾತ್ರ ಇರುವ ಮನೆಯಾದರೆ ನಾನೇ ಅದನ್ನು ತಗೊಳ್ಳಿ ಅನ್ನುತ್ತಿದ್ದೆ. 34ರಲ್ಲಿ ಹಿಂದಿನ ಪ್ಲಾಟ್‌ಫಾರ್ಮ್ ಡಾಕಿನ ಮಟ್ಟಕ್ಕೇ ಇದೆ, ಪಕ್ಕದಲ್ಲೊಂದು ಬಾಗಿಲು, ಒಂದೇ ಮೆಟ್ಟಿಲು, ಕೂರುವ ಕೋಣೆಗೆ. ಮೊದಲ ದಿನ ಅಮ್ಮ ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದು ಕಿಟಕಿ ಪಕ್ಕ ಕೂತರು.

ಟಾಯ್ಲೆಟ್ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆರು ಜನ ಎಷ್ಟು ದಿನ ನೀರಿನ ಮೇಲೆ ಇರಬಹುದು ಅಂತ ತೀರ್ಮಾನ ಮಾಡುವುದು ಅದೇ. 2018ರಿಂದ ಪ್ಯೂಜೆಟ್ ಸೌಂಡ್, ಅಂದರೆ ಸಿಯಾಟಲ್ ಪಕ್ಕದ ಈ ಕಡಲು, ಪೂರ್ತಿ ನೋ ಡಿಸ್ಚಾರ್ಜ್ ಜೋನ್. ಶುದ್ಧೀಕರಿಸಿದ ಕೊಳಚೆಯನ್ನೂ ಬಿಡುವಂತಿಲ್ಲ, ಎಲ್ಲ ಹೋಲ್ಡಿಂಗ್ ಟ್ಯಾಂಕಿನಲ್ಲಿ ಇಟ್ಟುಕೊಂಡು ಪಂಪ್ ಔಟ್ ಮಾಡಿಸಬೇಕು. ಒಂದು ಫ್ಲಶ್‌ಗೆ ಅರ್ಧ ಗ್ಯಾಲನ್ ಹಿಡಿಯಿರಿ, ಆರು ಜನ, ದಿನಕ್ಕೆ ಐದೈದು ಸಲ, ಹದಿನೈದು ಗ್ಯಾಲನ್ ಆಯಿತು. 30 ಗ್ಯಾಲನ್ ಟ್ಯಾಂಕ್ ಎರಡೇ ದಿನಕ್ಕೆ ಭರ್ತಿ. ಮಾರುವವರು ಕುಡಿಯುವ ನೀರಿನ ಟ್ಯಾಂಕ್ ಎಷ್ಟು ದೊಡ್ಡದು ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ನೀವು ಇದನ್ನು ಕೇಳಿ. ನಮಗೆ ಮಾರಿದವರು ಟ್ಯಾಂಕಿನ ಮಟ್ಟ ತೋರಿಸುವ ಸೆನ್ಸರ್ ಸರಿ ಇದೆ ಅಂದಿದ್ದರು, ಮೂರನೇ ದಿನ ಅದು ಅರ್ಧ ತೋರಿಸುತ್ತಿದ್ದಾಗಲೇ ಟ್ಯಾಂಕ್ ತುಂಬಿತ್ತು. ಆ ವಾಸನೆಯಲ್ಲಿ ಕಳೆದ ರಾತ್ರಿ ಬೇರೆ ಯಾರಿಗೂ ಬೇಡ. ಖರೀದಿಗೆ ಮುಂಚೆ ಟ್ಯಾಂಕಿಗೆ ನಿಮ್ಮ ಕಣ್ಣೆದುರೇ ನೀರು ತುಂಬಿಸಿ ನೋಡಿ.

ಅಡುಗೆಮನೆ ನಮಗೆ ಸಿಕ್ಕ ದೊಡ್ಡ ಖುಷಿ. ಕುಕ್ಕರ್ ಕೂರುವಂಥ ಒಲೆ, ಫಿಲ್ಟರ್ ಕಾಫಿ ಇಳಿಯಲು ಅಲುಗದ ಮೂಲೆ. ಹೊಸ ಬೋಟುಗಳಲ್ಲಿ ಇಂಡಕ್ಷನ್ ಬರುತ್ತಿದೆ, ನೋಡಲು ಚೆನ್ನ, ಬೆಂಕಿಯ ಭಯ ಇಲ್ಲ. ಆದರೆ ಲಂಗರು ಹಾಕಿ ನಿಂತಾಗ ಲೆಕ್ಕ ಬೇರೆ. 750 ವ್ಯಾಟ್ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 62 ಆಂಪಿಯರ್ ಎಳೆಯುತ್ತದೆ, ಚಟ್ನಿಗೆ ಮೂರು ನಿಮಿಷ ಅಂದರೆ ಮೂರು ಆಂಪಿಯರ್ ಅವರ್ ಚಿಲ್ಲರೆ, ಏನೂ ಅಲ್ಲ. ಅದೇ 1200 ವ್ಯಾಟ್ ಇಂಡಕ್ಷನ್ ಒಲೆ ಒಂದು ಗಂಟೆ ಉರಿದರೆ 100 ಆಂಪಿಯರ್ ಅವರ್ ಹೋಯಿತು. ಅನ್ನ, ಸಾರು, ಪಲ್ಯ ಮಾಡುವ ಮನೆಯಲ್ಲಿ ಒಂದು ಗಂಟೆ ದೊಡ್ಡದಲ್ಲ, ಅಲ್ವಾ? ಜನರೇಟರ್ ಹಾಕಿದರೆ ಆ ಶಾಂತ ಕೊಲ್ಲಿಯಲ್ಲಿ ಪಕ್ಕದ ಬೋಟಿನವರಿಗೂ ಕಿರಿಕಿರಿ. ನಾವು ಗ್ಯಾಸ್ ಒಲೆಯನ್ನೇ ಆರಿಸಿದೆವು. ಪ್ರೊಪೇನ್ ಕೂಡ ಗಾಳಿಗಿಂತ ಭಾರವಾದ್ದರಿಂದ, ಸಿಲಿಂಡರ್ ಹೊರಗಡೆ, ಸೋರಿದರೆ ಸೀದಾ ಬೋಟಿನ ಹೊರಕ್ಕೆ ಹೋಗುವಂಥ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರಬೇಕು.

ಕಳೆದುಕೊಂಡದ್ದೂ ಇದೆ. ಹಳೆಯ ಬೋಟ್ ಔಟ್‌ಬೋರ್ಡ್ ಎತ್ತಿಕೊಂಡು ದಡದ ಹತ್ತಿರಕ್ಕೇ ಹೋಗುತ್ತಿತ್ತು. ಇದಕ್ಕೆ ನಾಲ್ಕು ಅಡಿ ನೀರು ಬೇಕು. ಸೂಷಿಯಾ ದ್ವೀಪಕ್ಕೆ ಬೋಟಿನಲ್ಲಲ್ಲದೆ ಬೇರೆ ದಾರಿಯೇ ಇಲ್ಲ, ಅಲ್ಲಿ ಈಗ ದೂರದಲ್ಲಿ ನಿಂತು ಸಣ್ಣ ರಬ್ಬರ್ ದೋಣಿ ಇಳಿಸಿ ಹೋಗಬೇಕು. ಅದರದೇ ಖರ್ಚು, ಅದರದೇ ಕೆಲಸ. ಮತ್ತೆ ಉಬ್ಬರ ಇಳಿತ: ಸಿಯಾಟಲ್‌ನಲ್ಲಿ ದಿನದ ಸರಾಸರಿ ಏರಿಳಿತವೇ 11 ಅಡಿ ದಾಟುತ್ತದೆ, ದಡಕ್ಕೆಳೆದ ದೋಣಿ ಎರಡು ತಾಸಿನಲ್ಲಿ ಕೆಸರಿನ ನಡುವೆ ಕೂತಿರುತ್ತದೆ.

ದುಡ್ಡಿನ ಮಾತು ಚುಟುಕಾಗಿ. ಮರೀನಾ ಬಾಡಿಗೆ ಅಡಿಗೆ ಇಷ್ಟು ಅಂತ. ಅವರು ಅಳೆಯುವುದು ಹೆಸರಿನ ಉದ್ದ ಅಲ್ಲ, ಹಿಂದಿನ ಪ್ಲಾಟ್‌ಫಾರ್ಮ್, ಮುಂದಿನ ಲಂಗರಿನ ಚಾಚು ಎಲ್ಲ ಸೇರಿಸಿ. ನಮ್ಮ 34 ಅವರ ಟೇಪಿನಲ್ಲಿ 38 ಆಯಿತು. ಸರ್ಕಾರಿ ಜಾಗದ ಮರೀನಾ ಆದರೆ ಬಾಡಿಗೆ ಮೇಲೆ 12.84% ಲೀಸ್‌ಹೋಲ್ಡ್ ತೆರಿಗೆ. ವಾಷಿಂಗ್ಟನ್‌ನಲ್ಲಿ ಬೋಟಿನ ಬೆಲೆಯ 0.5% ಪ್ರತಿವರ್ಷ ತೆರಿಗೆ. ನೀರಲ್ಲೇ ಇರುವ ಬೋಟಿಗೆ ತಳದ ಬಣ್ಣ, ತುಕ್ಕು ತಡೆಯುವ ಜಿಂಕ್ ತುಂಡುಗಳು ಕಾಲಕಾಲಕ್ಕೆ ಬದಲಾಗಬೇಕು, ಬಣ್ಣಕ್ಕಂತೂ ಪ್ರತಿಸಲ ಕ್ರೇನಿನಲ್ಲಿ ಎತ್ತಿಸಬೇಕು. ಟ್ರೇಲರ್ ಬೋಟಿಗೆ ಇದ್ಯಾವುದೂ ಹೆಚ್ಚುಕಮ್ಮಿ ಇಲ್ಲ, ಆದರೆ ಅದನ್ನೆಳೆಯಲು ದೊಡ್ಡ ಪಿಕಪ್ ಬೇಕಿತ್ತು. ನಾವು ಅದನ್ನೂ ಮಾರಿದೆವು, ಲೆಕ್ಕ ಸ್ವಲ್ಪ ಸರಿಹೋಯಿತು.

ಲಾಕ್ಸ್ ಬಗ್ಗೆ ಒಂದು ಮಾತು, ಅಂದರೆ ಗೇಟು ಹಾಕಿ, ನೀರಿನ ಮಟ್ಟ ಏರಿಸಿ ಇಳಿಸಿ ಬೋಟನ್ನು ದಾಟಿಸುವ ಕಟ್ಟೆ. 1917ರಲ್ಲಿ ತೆರೆದ ಬ್ಯಾಲಾರ್ಡ್ ಲಾಕ್ಸ್ ಸಿಹಿನೀರಿನ ಲೇಕ್ ಯೂನಿಯನ್‌ನಿಂದ ಉಪ್ಪುನೀರಿಗೆ ನಮ್ಮನ್ನು ಇಳಿಸುವ ಜಾಗ, ಉಬ್ಬರ ನೋಡಿಕೊಂಡು 6ರಿಂದ 26 ಅಡಿ ತನಕ ಏರಿಳಿತ. ತುದಿಯಲ್ಲಿ ಕುಣಿಕೆ ಇರುವ 50 ಅಡಿಯ ಎರಡು ಹಗ್ಗ, ಎರಡೂ ಬದಿಗೆ ಫೆಂಡರ್, ಅಂದರೆ ಬೋಟ್ ಉಜ್ಜದಂತೆ ಕಟ್ಟುವ ಮೆತ್ತೆ, ಬೇಕೇ ಬೇಕು. ಬೋಟ್ ಬದಲಾದ ಮೇಲೆ ಮೊದಲ ಸಲ ವಾರದ ನಡುವಿನ ದಿನ, ಜನ ಕಮ್ಮಿ ಇರುವಾಗ ಹೋಗಿ. 1955ರ ಜನವರಿ 1ರ ನಂತರ ಹುಟ್ಟಿದವರು 15 ಕುದುರೆ ಶಕ್ತಿ ಅಥವಾ ಹೆಚ್ಚಿನ ಬೋಟ್ ಓಡಿಸಲು ಬೋಟರ್ ಕಾರ್ಡ್ ಹೊಂದಿರಬೇಕು. ಗಂಡ ಹೆಂಡತಿ ಇಬ್ಬರೂ ಮಾಡಿಸಿಕೊಳ್ಳಿ, ಒಬ್ಬರಿಗೆ ಹುಷಾರಿಲ್ಲದಾಗ ಇನ್ನೊಬ್ಬರು ದಡ ಸೇರಿಸಬೇಕಲ್ಲ. ಇಲ್ಲಿನ ನೀರಲ್ಲಿರುವ ಸದರ್ನ್ ರೆಸಿಡೆಂಟ್ ಓರ್ಕಾ ತಿಮಿಂಗಿಲಗಳಿಂದ 1,000 ಗಜ ದೂರ ಇರಬೇಕೆಂಬ ನಿಯಮ 2025ರ ಜನವರಿಯಿಂದ ಬಂದಿದೆ. ಎಂಟೂವರೆ ಟನ್ ಬೋಟ್ ಥಟ್ಟನೆ ನಿಲ್ಲುವುದಿಲ್ಲ, ಹಾಗಾಗಿ ಒಬ್ಬರ ಕಣ್ಣು ಯಾವಾಗಲೂ ಮುಂದಿರಲಿ. ಓರ್ಕಾಗಿಂತ ಜಾಸ್ತಿ ಸಿಗುವುದು ತೇಲುವ ಮರದ ದಿಮ್ಮಿ.

ಹಾಗಾದರೆ ಯಾರಿಗೆ ಯಾವುದು? ನಾಲ್ಕೇ ಜನ, ವಾರಾಂತ್ಯ ಮಾತ್ರ, ಬೇರೆ ಬೇರೆ ನೀರು ನೋಡುವ ಆಸೆ ಅಂದರೆ 27 ಅಡಿಯ ಟ್ರೇಲರ್ ಬೋಟನ್ನು ಬಿಡಬೇಡಿ, ಡೀಸೆಲ್ ಹೀಟರ್ ಒಂದು ಹಾಕಿಸಿ. ವರ್ಷಕ್ಕೆ ಹತ್ತು ಹದಿನೈದು ದಿನ ಒಟ್ಟಿಗೆ ರಜೆ ಸಿಗುತ್ತದೆ, ಜೊತೆಗೆ ವಯಸ್ಸಾದವರಿದ್ದಾರೆ ಅಂದರೆ 34ರ ಆಸುಪಾಸಿನ ಒಂಟಿ ಡೀಸೆಲ್. ದೊಡ್ಡ ಮಕ್ಕಳು, ಏಣಿ ಹತ್ತುವವರೇ ಎಲ್ಲ, ಎರಡು ಇಂಜಿನ್ ನೋಡಿಕೊಳ್ಳುವ ತಾಳ್ಮೆ ಇದೆ ಅಂದರೆ ಫ್ಲೈಬ್ರಿಡ್ಜ್ ಇರುವುದು, ಆದರೆ ಆದಷ್ಟೂ ಡೀಸೆಲ್ಲೇ ಹುಡುಕಿ.

ಯಾವುದಾದರೂ ಸರಿ, ಬೋಟ್ ಪರೀಕ್ಷೆ ಮಾಡುವ ಸರ್ವೇಯರ್ ಇಲ್ಲದೆ ಕೊಳ್ಳಬೇಡಿ. ನೀರಿನಿಂದ ಎತ್ತಿಸಿ ತಳ ನೋಡಿಸಿ, ಇಂಜಿನ್ ಆಯಿಲನ್ನು ಲ್ಯಾಬಿಗೆ ಕಳಿಸಿ, ಓಡಿಸಿ ನೋಡುವಾಗ ಪೂರ್ತಿ ಥ್ರಾಟಲ್‌ನಲ್ಲಿ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟುತ್ತದೆಯಾ ಅಂತ ನೋಡಿ. ಅನಕೋರ್ಟಿಸ್‌ನಲ್ಲೂ ಬೆಲ್ಲಿಂಗ್‌ಹ್ಯಾಮ್‌ನಲ್ಲೂ ಬೋಟ್ ಬಾಡಿಗೆಗೆ ಕೊಡುವವರಿದ್ದಾರೆ. ನಿಮಗೆ ಬೇಕಾದ ಅಳತೆಯದನ್ನೇ ಮೂರು ನಾಲ್ಕು ದಿನಕ್ಕೆ ತಗೊಂಡು ಎಲ್ಲರನ್ನೂ ಕರೆದುಕೊಂಡು ಹೋಗಿ. ಮುಖ್ಯವಾಗಿ ರಾತ್ರಿ ಎರಡು ಗಂಟೆಗೆ, ಲೈಟ್ ಹಾಕದೆ, ಮನೆಯ ಹಿರಿಯರು ಹಾಸಿಗೆಯಿಂದ ಎದ್ದು ಟಾಯ್ಲೆಟ್‌ಗೆ ಹೋಗಿ ಬರುವುದನ್ನು ನೋಡಿ, ಕೈ ಎಲ್ಲಿ ಹುಡುಕುತ್ತದೆ ಅಂತ ಗಮನಿಸಿ. ನಾವು ಈ ವಾರ ಆ ಜಾಗಕ್ಕೇ ಇನ್ನೊಂದು ಕಂಬಿ ಹಾಕಿಸುತ್ತಿದ್ದೇವೆ.